ತಕ್ಕಡಿಯನ್ನು ಪ್ರಶ್ನಿಸುವ ಬಗೆ

ತುರುವೇಕೆರೆಯ ಸುತ್ತಣ ಯಾವ ಹಳ್ಳಿಗಾದರೂ ಬೆಳಗಿನ ಆರೂವರೆ ಗಂಟೆಯ ಸುಮಾರಿಗೆ ಹೋದರೆ, ಹಾಲು ಉತ್ಪಾದಕರ ಸಹಕಾರ ಸಂಘದ ಬಾಗಿಲಲ್ಲಿ ಕ್ಯಾನುಗಳನ್ನೂ ತಂಬಿಗೆಗಳನ್ನೂ ಹಿಡಿದು ನಿಂತ ಜನರ ಸಾಲನ್ನು ಕಾಣಬಹುದು. ಜನರು ಈ ಸಂಘವನ್ನು ಸುಮ್ಮನೆ ‘ಡೈರಿ’ ಎನ್ನುತ್ತಾರೆ. ಹಿಂದೆ ಇಲ್ಲಿ ಅಳತೆಯ ಪಾತ್ರೆಯೂ ಗಾಜಿನ ಮಾಪಕವೂ ಒಂದು ದಪ್ಪ ಪುಸ್ತಕವೂ ಇದ್ದುವು. ಈಗ ಅನೇಕ ಸಂಘಗಳಲ್ಲಿ ಅವುಗಳ ಸ್ಥಾನಕ್ಕೆ ಎಲೆಕ್ಟ್ರಾನಿಕ್ ತಕ್ಕಡಿಯೂ, ಹಾಲಿನ ಜಿಡ್ಡನ್ನು ಅಳೆಯುವ ಯಂತ್ರವೂ, ಇವೆರಡರಿಂದಲೂ ತಂತಿಯ ಮೂಲಕ ಅಂಕಿಗಳನ್ನು ಪಡೆದು ಚೀಟಿಯನ್ನು ಅಚ್ಚು ಹಾಕುವ ಗಣಕವೂ ಬಂದಿವೆ. ಒಂದು ಮುಂಜಾನೆ ನಾವು ಅಲ್ಲಿ ನಿಂತಿದ್ದಾಗ, ಚೀಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದ ಒಬ್ಬ ವೃದ್ಧೆ, “ಇದೇನಪ್ಪಾ, ನಿನ್ನೆಗಿಂತ ಫ್ಯಾಟು ಕಮ್ಮಿ ಬಂದೈತೆ?” ಎಂದು ಕೇಳಿದರು. ಕಾರ್ಯದರ್ಶಿಯ ಉತ್ತರ ಹೀಗಿತ್ತು: “ನಾನೇನ್ ಮಾಡ್ಲವ್ವಾ, ಮಿಷನ್ ಹೇಳಿದ್ದನ್ನ ಕಂಪ್ಯೂಟ್ರು ಬರ್ಕಂತೈತೆ.”

ಆ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ಕೇಳಿದ ಮೇಲೆ ನಮಗೆ ಒಂದು ಸಂದೇಹವು ಹುಟ್ಟಿತು. ಯಂತ್ರವು ತಾನಾಗಿಯೇ ಹೇಳಿತೆ, ಅಥವಾ ಯಾರಾದರೂ ಕೇಳಿದ್ದಕ್ಕೆ ಹೇಳಿತೆ? ಕೇಳಿದುದಾದರೆ ಏನೆಂದು ಕೇಳಿದರು? ಹೇಳಿದುದೆಲ್ಲವನ್ನೂ ಗಣಕವು ಬರೆದುಕೊಂಡಿತೆ, ಅಥವಾ ಸ್ವಲ್ಪವನ್ನು ಬಿಟ್ಟಿತೆ? ಅಳೆಯುವ ಉಪಕರಣಕ್ಕೂ ಬರೆಯುವ ಗಣಕಕ್ಕೂ ನಡುವೆ ನಡೆಯುವ ಈ ಸಂಭಾಷಣೆಯು ಇಂದು ನಮ್ಮ ಜಿಲ್ಲೆಯ ರೈತರ ಹಾಲಿನ ಬೆಲೆಯಲ್ಲಿಯೂ ಕೊಬ್ಬರಿಯ ತೂಕದಲ್ಲಿಯೂ ಸೇರಿಕೊಂಡಿದೆ. ಹೀಗಿದ್ದರೂ, ಭೌತಶಾಸ್ತ್ರವನ್ನು ಓದುವ ವಿದ್ಯಾರ್ಥಿಯು ಪದವಿಯನ್ನು ಪಡೆದು ಹೊರಬರುವವರೆಗೆ ಆ ಸಂಭಾಷಣೆಯ ಒಂದು ವಾಕ್ಯವನ್ನೂ ಕೇಳದೆ ಇರುವುದು ಸಾಧ್ಯ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುವ ಮೊದಲು ಆ ತಂತಿಯೊಳಗೆ ನಡೆಯುವುದೇನೆಂಬುದನ್ನು ನೋಡೋಣ.

ತಕ್ಕಡಿಯ ಹಲಗೆಯ ಕೆಳಗೆ ಒಂದು ಲೋಹದ ತುಂಡು, ಅದಕ್ಕೆ ಅಂಟಿಸಿದ ನಾಲ್ಕು ತೆಳ್ಳನೆಯ ರೋಧಕಗಳು ಇರುತ್ತವೆ. ಭಾರ ಬಿದ್ದಾಗ ಲೋಹವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎರಡು ರೋಧಕಗಳು ಹಿಗ್ಗಿ ಅವುಗಳ ರೋಧವು ಹೆಚ್ಚುತ್ತದೆ, ಉಳಿದೆರಡು ಕುಗ್ಗಿ ಅವುಗಳದು ಕಡಮೆಯಾಗುತ್ತದೆ. ಇದು ನೀವು ಬಲ್ಲ ವೀಟ್‌ಸ್ಟನ್ ಸೇತುವೆಯೇ. ಸೇತುವೆಗೆ ಐದು ವೋಲ್ಟ್ ಕೊಟ್ಟರೆ ಪೂರ್ಣ ಭಾರದಲ್ಲಿ ಅದರಿಂದ ದೊರೆಯುವುದು ಸಾಮಾನ್ಯವಾಗಿ ಹತ್ತು ಮಿಲಿವೋಲ್ಟ್ ಮಾತ್ರ. 200 ಕಿಲೋಗ್ರಾಂ ತೂಗುವ ತಕ್ಕಡಿಯು 50 ಗ್ರಾಂ ವ್ಯತ್ಯಾಸವನ್ನು ತೋರಿಸಬೇಕಾದರೆ ಈ ಹತ್ತು ಮಿಲಿವೋಲ್ಟನ್ನು ನಾಲ್ಕು ಸಾವಿರ ಭಾಗ ಮಾಡಬೇಕು. ಒಂದು ಭಾಗಕ್ಕೆ ಎರಡೂವರೆ ಮೈಕ್ರೋವೋಲ್ಟ್ ಬರುತ್ತದೆ. ಇಷ್ಟು ಸೂಕ್ಷ್ಮವಾದ ವಿಭವವನ್ನು ಅಲ್ಲಿಯೇ ಅಂಕಿಯಾಗಿ ಪರಿವರ್ತಿಸಿ, ಆ ಅಂಕಿಯನ್ನು ಅಕ್ಷರ ಅಕ್ಷರವಾಗಿ ತಂತಿಯ ಮೇಲೆ ಕಳುಹಿಸುತ್ತಾರೆ. ಅಕ್ಷರಗಳನ್ನು ಒಂದರ ಹಿಂದೆ ಒಂದರಂತೆ ಒಂದೇ ತಂತಿಯಲ್ಲಿ ಸಾಗಿಸುವುದರಿಂದ ಇದಕ್ಕೆ ಸರಣಿ ಸಂಪರ್ಕವೆಂಬ ಹೆಸರು ಬಂದಿದೆ.

ದೂರಮುದ್ರಕ ಯಂತ್ರಗಳ ಕಾಲದಿಂದಲೂ ಈ ವಿಧಾನವಿತ್ತು. 1960ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವು ಆರ್‌ಎಸ್-232 ಎಂಬ ನಿಯಮಾವಳಿಯನ್ನು ಪ್ರಕಟಿಸಿತು. 1963ರಲ್ಲಿ ‘ಆಸ್ಕಿ’ ಎಂಬ ಸಂಕೇತಪಟ್ಟಿಯು ಬಂದು ಪ್ರತಿಯೊಂದು ರೋಮನ್ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿತು. ‘ಎಸ್’ ಅಕ್ಷರಕ್ಕೆ 83, ಪ್ರಶ್ನೆಯ ಚಿಹ್ನೆಗೆ 63. ಎಂಬತ್ತಮೂರನ್ನು ದ್ವಿಮಾನ ಪದ್ಧತಿಯಲ್ಲಿ ಎಂಟು ಸ್ಥಾನಗಳಿಗೆ ಬರೆದರೆ 01010011 ಆಗುತ್ತದೆ. ತಂತಿಯು ಸುಮ್ಮನಿರುವಾಗ ಅದರ ಮೇಲೆ ಋಣ ವಿಭವವಿರುತ್ತದೆ, ಇದೇ ‘ಒಂದು’. ಅಕ್ಷರವು ಹೊರಡುವುದಕ್ಕೆ ಮುಂಚೆ ವಿಭವವು ಧನಕ್ಕೆ ಏರಿ, “ಎಚ್ಚರ, ಬರುತ್ತಿದ್ದೇನೆ” ಎಂದು ಸೂಚಿಸುತ್ತದೆ. ಆಮೇಲೆ ಎಂಟು ಬಿಟ್‌ಗಳು ಹಿಂದುಮುಂದಾಗಿ, ಅಂದರೆ ಬಲತುದಿಯದು ಮೊದಲಾಗಿ, 1, 1, 0, 0, 1, 0, 1, 0 ಎಂದು ಸಾಗುತ್ತವೆ. ಕೊನೆಯಲ್ಲಿ ನಿಲುಗಡೆಯ ಒಂದು ಬಿಟ್. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಒಂದೊಂದಕ್ಕೆ ಸುಮಾರು 104 ಮೈಕ್ರೋಸೆಕೆಂಡು, ಇಡೀ ಅಕ್ಷರಕ್ಕೆ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ಒಂದಡಿಗಿಂತ ಸ್ವಲ್ಪ ಹೆಚ್ಚು ದೂರ ಮಾತ್ರ ಹೋಗಿರುತ್ತದೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಕಳುಹಿಸುವವನ ಗಡಿಯಾರವನ್ನು ಕೇಳುವವನಿಗೆ ತಿಳಿಸುವ ಬೇರೆ ತಂತಿ ಇಲ್ಲ. ಇಬ್ಬರೂ ವೇಗವನ್ನು ಮೊದಲೇ ಒಪ್ಪಿಕೊಂಡು, ಮೊದಲ ಸೂಚನೆಯು ಬಂದೊಡನೆ ತಮ್ಮ ತಮ್ಮ ಗಡಿಯಾರಗಳಿಂದ ಎಣಿಸತೊಡಗುತ್ತಾರೆ. ಎರಡು ಗಡಿಯಾರಗಳಲ್ಲಿ ನೂರಕ್ಕೆ ಐದರಷ್ಟು ಅಂತರವಿದ್ದರೆ ಹತ್ತನೆಯ ಬಿಟ್ಟನ್ನು ಮುಟ್ಟುವ ವೇಳೆಗೆ ಅರ್ಧ ಬಿಟ್ಟಿನಷ್ಟು ಜಾರಿಹೋಗಿ ಓದು ಕೆಡುತ್ತದೆ. ಆದರೆ ಮುಂದಿನ ಅಕ್ಷರಕ್ಕೆ ಎಣಿಕೆಯು ಹೊಸದಾಗಿ ಪ್ರಾರಂಭವಾಗುವುದರಿಂದ ತಪ್ಪು ಬೆಳೆಯುತ್ತ ಹೋಗುವುದಿಲ್ಲ. ಭಜನೆಯಲ್ಲಿ ಪ್ರತಿ ಪಲ್ಲವಿಗೂ ತಾಳವನ್ನು ಮತ್ತೆ ಹಿಡಿಯುವಂತೆ ಇದು. ಈಗಿನ ಉಪಕರಣಗಳಲ್ಲಿ ಯುಎಸ್‌ಬಿ ಕಿಂಡಿಗಳೇ ಹೆಚ್ಚಾಗಿದ್ದರೂ, ಅವುಗಳಲ್ಲಿ ಅನೇಕವು ಗಣಕಕ್ಕೆ ಇದೇ ಹಳೆಯ ಸರಣಿ ಕಿಂಡಿಗಳಂತೆಯೇ ಕಾಣಿಸಿಕೊಂಡು ಇದೇ ರೀತಿಯಲ್ಲಿ ಮಾತನಾಡುತ್ತವೆ.

ಇಷ್ಟು ತಂತಿಯ ವಿಷಯವಾಯಿತು. ಮಾತಿನ ವಿಷಯ ಬೇರೆ. ಫೋನು ಇದ್ದ ಮಾತ್ರಕ್ಕೆ ಆಚೆಯವನ ಭಾಷೆ ನಮಗೆ ಬಂದಂತಾಗಲಿಲ್ಲವಷ್ಟೆ. ಉಪಕರಣಗಳನ್ನು ಗಣಕದಿಂದ ನಡೆಸತೊಡಗಿದ ಮೊದಲ ದಶಕಗಳಲ್ಲಿ ಒಂದೊಂದು ಕಂಪನಿಗೂ ಒಂದೊಂದು ಆಡುಮಾತಿತ್ತು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ 3478ಎ ಎಂಬ ಮಲ್ಟಿಮೀಟರಿಗೆ ‘ಎಫ್1’ ಎಂದರೆ ನೇರ ವಿದ್ಯುತ್ತಿನ ವೋಲ್ಟನ್ನು ಅಳೆ ಎಂದರ್ಥ. ಕೀತ್ಲೀ ಸಂಸ್ಥೆಯ 196 ಎಂಬ ಮೀಟರಿಗೆ ಅದೇ ‘ಎಫ್1’ ಎಂದರೆ ಪರ್ಯಾಯ ವಿದ್ಯುತ್ತಿನ ವೋಲ್ಟನ್ನು ಅಳೆ ಎಂದರ್ಥ! ಒಂದು ಮೀಟರನ್ನು ತೆಗೆದು ಇನ್ನೊಂದನ್ನು ಇಟ್ಟರೆ ಬರೆದ ಕಾರ್ಯಕ್ರಮವೆಲ್ಲ ವ್ಯರ್ಥವಾಗುತ್ತಿತ್ತು. 1975ರ ಐಇಇಇ-488 ನಿಯಮವು ತಂತಿಯನ್ನೂ ಜೋಡಣೆಯನ್ನೂ ಒಂದು ಮಾಡಿತಲ್ಲದೆ ಮಾತನ್ನು ಒಂದು ಮಾಡಲಿಲ್ಲ. 1987ರಲ್ಲಿ ಅದರ ಎರಡನೆಯ ಭಾಗವು ಎಲ್ಲ ಉಪಕರಣಗಳಿಗೂ ಸಮಾನವಾದ ಕೆಲವು ಆಜ್ಞೆಗಳನ್ನು ಗೊತ್ತುಮಾಡಿತು. 1990ರಲ್ಲಿ ‘ಸ್ಕಿಪ್ಪಿ’ ಎಂದು ಕರೆಯಲ್ಪಡುವ ಆಜ್ಞಾಭಾಷೆಯು ಬಂತು. ಇದರ ಮಾತುಗಳು ಸರಣಿ ತಂತಿಯ ಮೇಲೂ ಸಾಗಬಲ್ಲುವು.

ಆ ಭಾಷೆಯಲ್ಲಿ ‘*ಐಡಿಎನ್?’ ಎಂದು ಕೇಳಿದರೆ (ರೋಮನ್ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ) ಉಪಕರಣವು ತನ್ನನ್ನು ಮಾಡಿದವರ ಹೆಸರು, ಮಾದರಿ, ಕ್ರಮಸಂಖ್ಯೆ, ಒಳಗಿನ ಕಾರ್ಯಕ್ರಮದ ಆವೃತ್ತಿ ಈ ನಾಲ್ಕನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿ ಹೇಳುತ್ತದೆ. ಊರಿಗೆ ಹೊಸಬರು ಬಂದರೆ “ಯಾವೂರು, ಯಾರ ಕಡೆಯವರು?” ಎಂದು ವಿಚಾರಿಸುವ ಪದ್ಧತಿಗೂ ಇದಕ್ಕೂ ಏನೂ ಭೇದವಿಲ್ಲ. ‘ಮೆಷ್:ವೋಲ್ಟ್:ಡಿಸಿ?’ ಎಂದರೆ ನೇರ ವೋಲ್ಟನ್ನು ಅಳೆದು ಹೇಳು ಎಂದು. ಎಲ್ಲಿ ಪ್ರಶ್ನೆಯ ಚಿಹ್ನೆ ಇದೆಯೋ ಅಲ್ಲಿ ಉತ್ತರ ಬರಬೇಕು; ಇಲ್ಲದಲ್ಲಿ ಉಪಕರಣವು ಹೇಳಿದಷ್ಟನ್ನು ಮಾಡಿ ಮೌನವಾಗಿರಬೇಕು. ತಿಳಿಯದ ಮಾತನ್ನು ಆಡಿದರೆ ಅದು ಸಿಡುಕುವುದಿಲ್ಲ. ದೋಷಗಳ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ‘ಸಿಸ್ಟ್:ಎರ್?’ ಎಂದು ವಿಚಾರಿಸಿದರೆ ಮಾತ್ರ ‘−113’ ಎಂಬ ಸಂಖ್ಯೆಯೊಡನೆ, ಇಂಥ ಮಾತನ್ನು ನಾನರಿಯೆ ಎಂದು ಒಪ್ಪಿಕೊಳ್ಳುತ್ತದೆ. ದೋಷವನ್ನು ಕೇಳದವನಿಗೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ.

ನಮ್ಮ ಪ್ರಯೋಗಶಾಲೆಯ ಮಲ್ಟಿಮೀಟರೊಂದರ ಬೆನ್ನಿನಲ್ಲಿ ಒಂಬತ್ತು ಮುಳ್ಳುಗಳ ಕಿಂಡಿಯೊಂದಿತ್ತು. ಅದರ ಪ್ಲಾಸ್ಟಿಕ್ ಮುಚ್ಚಳವನ್ನು ತಂದ ದಿನದಿಂದ ಯಾರೂ ತೆಗೆದಿರಲಿಲ್ಲ. ನಾವು ಅದನ್ನು ತೆಗೆದು, ತಂತಿಯನ್ನು ಕೂಡಿಸಿ, ‘*ಐಡಿಎನ್?’ ಎಂದು ಕೇಳಿದೆವು. ಮೌನ. ವೇಗವನ್ನು ಬದಲಾಯಿಸಿದೆವು, ತಂತಿಯನ್ನು ಬದಲಾಯಿಸಿದೆವು, ಎರಡನೆಯ ಮುಳ್ಳಿಗೂ ಮೂರನೆಯದಕ್ಕೂ ಅದಲುಬದಲು ಮಾಡಿದೆವು. ಎರಡು ದಿನಗಳು ಹೀಗೆ ಕಳೆದುವು. ಕಡೆಗೆ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು, “ಸಾರ್, ನಾವು ಮಾತು ಮುಗಿಸಿದ್ದೇವೆಂದು ಅದಕ್ಕೆ ಹೇಗೆ ಗೊತ್ತಾಗಬೇಕು?” ಎಂದು ಕೇಳಿದಳು. ಅಷ್ಟೇ ಆಗಿತ್ತು. ಆಜ್ಞೆಯ ಕೊನೆಗೆ ‘ಸಾಲು ಮುಗಿಯಿತು’ ಎಂಬ, ಕಣ್ಣಿಗೆ ಕಾಣದ, 10 ಎಂಬ ಸಂಖ್ಯೆಯ ಸಂಕೇತವನ್ನು ನಾವು ಸೇರಿಸಿರಲಿಲ್ಲ. ಪಾಪ, ಆ ಮೀಟರು ನಮ್ಮ ಮಾತು ಮುಗಿಯಲೆಂದು ಎರಡು ದಿನ ಕಾಯುತ್ತಲೇ ಇತ್ತು.

ಈಗ ತಕ್ಕಡಿಗೆ ಮರಳೋಣ. ತಕ್ಕಡಿಗಳು ‘ಸ್ಕಿಪ್ಪಿ’ಯನ್ನು ಆಡುವುದು ಅಪರೂಪ, ಅವುಗಳಿಗೆ ತಮ್ಮದೇ ಆದ ಇನ್ನೂ ಚಿಕ್ಕ ಮಾತುಗಳಿವೆ. ಮೆಟ್ಲರ್-ಟೊಲೆಡೊ ಸಂಸ್ಥೆಯ ಪ್ರಕಟಿತ ಆಜ್ಞಾಪಟ್ಟಿಯಲ್ಲಿ ‘ಎಸ್’ ಎಂಬ ಒಂದೇ ಅಕ್ಷರದ ಆಜ್ಞೆಯುಂಟು. ‘ಎಸ್‌ಐ’ ಎಂಬ ಎರಡಕ್ಷರದ್ದೂ ಉಂಟು. ಮೊದಲನೆಯದರ ಅರ್ಥ, ತೂಕವು ಸ್ಥಿರವಾದ ಮೇಲೆ ಹೇಳು ಎಂದು. ಎರಡನೆಯದರ ಅರ್ಥ, ಈ ಕ್ಷಣದಲ್ಲಿ ಎಷ್ಟಿದೆಯೋ ಅಷ್ಟನ್ನು ಹೇಳು ಎಂದು. ಕೊಬ್ಬರಿಯ ಚೀಲವನ್ನು ಹಲಗೆಯ ಮೇಲೆ ದೊಪ್ಪನೆ ಹಾಕಿದಾಗ ಹಲಗೆಯು ಕುಣಿಯುತ್ತದೆ. ಅಂಕಿಗಳು ಮೇಲೆ ಕೆಳಗೆ ಓಡಾಡಿ ಒಂದೆರಡು ಸೆಕೆಂಡುಗಳಲ್ಲಿ ನೆಲೆಗೊಳ್ಳುತ್ತವೆ. ಆ ಕುಣಿತದ ನಡುವೆ ‘ಎಸ್‌ಐ’ ಎಂದು ಕೇಳಿದರೆ ತಕ್ಕಡಿಯು ಹೇಳುವ ಸಂಖ್ಯೆಯು ಹೆಚ್ಚೂ ಆಗಿರಬಹುದು, ಕಡಮೆಯೂ ಆಗಿರಬಹುದು. ಒಂದು ಅಕ್ಷರದ ವ್ಯತ್ಯಾಸದಿಂದ ತೂಕವು ಬೇರೆಯಾಯಿತು.

ಆದರೆ ಇಲ್ಲಿ ತಕ್ಕಡಿಯನ್ನು ದೂರುವುದಕ್ಕೆ ಅವಕಾಶವಿಲ್ಲ. ಅದರ ಉತ್ತರದಲ್ಲಿ ಅಂಕಿಗಳ ಮುಂದೆ ಒಂದು ಅಕ್ಷರವಿರುತ್ತದೆ: ಸ್ಥಿರವಾಗಿದ್ದರೆ ‘ಎಸ್’, ಅಲುಗಾಡುತ್ತಿದ್ದರೆ ‘ಡಿ’. ಬೇರೆ ಕೆಲವು ಕಂಪನಿಗಳ ತಕ್ಕಡಿಗಳು ‘ಎಸ್‌ಟಿ’, ‘ಯುಎಸ್’ ಎಂಬ ಅಕ್ಷರಗಳಿಂದ ಇದನ್ನೇ ತಿಳಿಸುತ್ತವೆ. ತಾನು ಹೇಳುವ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ತಕ್ಕಡಿಯೇ ಪ್ರಾಮಾಣಿಕವಾಗಿ ಹೇಳುತ್ತದೆ. ಆದರೆ ಕಾರ್ಯಕ್ರಮವನ್ನು ಬರೆದವನು, “ನನಗೆ ಬೇಕಾದುದು ಅಂಕಿ” ಎಂದುಕೊಂಡು ಮೊದಲಿನ ಎರಡು ಅಕ್ಷರಗಳನ್ನು ಕತ್ತರಿಸಿ ಎಸೆದರೆ, ಆ ಪ್ರಾಮಾಣಿಕತೆಯು ತಂತಿಯ ಈಚೆಗೆ ಬರುವುದೇ ಇಲ್ಲ. ಚೀಟಿಯ ಮೇಲೆ ಅಚ್ಚಾದ ಅಂಕಿಗಳು ಎಲ್ಲವೂ ಒಂದೇ ಬಗೆಯಾಗಿ ಕಾಣುತ್ತವೆ.

2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದ ಮೇರೆಗೆ ವ್ಯಾಪಾರದ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ವ್ಯವಸ್ಥೆಯುಂಟು. ಗೊತ್ತಾದ ತೂಕದ ಬಟ್ಟುಗಳನ್ನಿಟ್ಟು ತಕ್ಕಡಿಯು ಸರಿಯಾಗಿ ತೋರಿಸುತ್ತದೆಯೇ ಎಂದು ನೋಡುತ್ತಾರೆ. ಇದು ಅವಶ್ಯವೇ. ಆದರೆ ರೈತನ ಕೈಗೆ ಬರುವುದು ತಕ್ಕಡಿಯ ಮುಖದ ಮೇಲಿನ ಅಂಕಿಯಲ್ಲ, ಚೀಟಿಯ ಮೇಲಿನ ಅಂಕಿ. ಮುಖದ ಅಂಕಿಯು ಸ್ಥಿರವಾದುದನ್ನು ಅವನು ಕಣ್ಣಾರೆ ನೋಡಬಲ್ಲ. ಚೀಟಿಯ ಅಂಕಿಯನ್ನು ಯಾವ ಕ್ಷಣದಲ್ಲಿ ಕೇಳಿ ಪಡೆದರೆಂಬುದನ್ನು ನೋಡಲಾರ. ಆದಕಾರಣ ಸಾರ್ವಜನಿಕರ ತೂಕಕ್ಕೆ ಬಳಸುವ ಪ್ರತಿಯೊಂದು ಯಂತ್ರದ ಆಜ್ಞಾಪಟ್ಟಿಯೂ ಉತ್ತರದ ಮಾದರಿಯೂ ಕೇಳಿದವರಿಗೆ ದೊರೆಯುವಂತಿರಬೇಕು, ಚೀಟಿಯ ಮೇಲೆ ತೂಕದ ಪಕ್ಕದಲ್ಲಿ ಸ್ಥಿರತೆಯ ಗುರುತೂ ಅಚ್ಚಾಗಬೇಕು ಎಂದು ನಾವು ಹೇಳುತ್ತೇವೆ. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚು ಖರ್ಚೂ ಇಲ್ಲ. ಗುರುತು ತಂತಿಯಲ್ಲಿ ಈಗಾಗಲೇ ಬರುತ್ತಿದೆ. ಅದನ್ನು ಎಸೆಯದಿದ್ದರೆ ಸಾಕು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಬೆಲೆಯನ್ನು ಕೂಗುವ ಹರಾಜು ಹೋಗಿ ಗಣಕದ ಮೂಲಕ ಟೆಂಡರು ಬಂದಾಗ, ಬೆಲೆಯು ಎಲ್ಲರಿಗೂ ಕಾಣುವಂತಾಗಲಿ ಎಂಬುದೇ ಅದರ ಉದ್ದೇಶವಾಗಿತ್ತಲ್ಲವೆ? ಬೆಲೆಗೆ ಸಲ್ಲುವ ನ್ಯಾಯವು ತೂಕಕ್ಕೂ ಸಲ್ಲಬೇಕು.

ಇನ್ನು ಕಾಲೇಜುಗಳ ಮಾತು. ನಮ್ಮ ಪ್ರಯೋಗಶಾಲೆಗೆ ಕೆಲವು ವರ್ಷಗಳ ಹಿಂದೆ ಒಂದು ಎಲೆಕ್ಟ್ರಾನಿಕ್ ತಕ್ಕಡಿಯನ್ನು ಕೊಂಡರು. ಅದಕ್ಕೂ ಸರಣಿ ಕಿಂಡಿಯಿತ್ತು; ಆದರೆ ಜೊತೆಯಲ್ಲಿ ಬಂದ ಕೈಪಿಡಿಯಲ್ಲಿ ಅದರ ಮಾತೇ ಇರಲಿಲ್ಲ. ಪೂರೈಕೆದಾರರಿಗೆ ಬರೆದುದಕ್ಕೆ, ಆಜ್ಞೆಗಳನ್ನು ಗಿರಾಕಿಗಳಿಗೆ ಕೊಡುವ ಪದ್ಧತಿಯಿಲ್ಲ, ಬೇಕಾದರೆ ತಮ್ಮ ತಂತ್ರಾಂಶವನ್ನು ಬೇರೆ ಬೆಲೆ ಕೊಟ್ಟು ಕೊಳ್ಳಬಹುದು ಎಂಬ ಉತ್ತರ ಬಂತು. ಮನೆಯನ್ನು ಮಾರಿ ಒಂದು ಕೋಣೆಯ ಬೀಗದ ಕೈಯನ್ನು ಇಟ್ಟುಕೊಂಡಂತಾಯಿತು ಇದು. ನಾವು ಬಿಡದೆ ಒಂದೊಂದೇ ಅಕ್ಷರವನ್ನು ಕಳುಹಿಸಿ ನೋಡತೊಡಗಿದೆವು. ಕೆಲವಕ್ಕೆ ತೂಕ ಬಂತು, ಒಂದಕ್ಕೆ ಸೊನ್ನೆಯಾಯಿತು, ಹಲವಕ್ಕೆ ಏನೂ ಆಗಲಿಲ್ಲ. ಒಂದು ಅಕ್ಷರಕ್ಕೆ ಮಾತ್ರ ತಕ್ಕಡಿಯು ತನ್ನ ಅಳತೆಯನ್ನೇ ಹೊಸದಾಗಿ ಗೊತ್ತುಮಾಡಿಕೊಳ್ಳುವ ಸ್ಥಿತಿಗೆ ಹೋಗಿ, ಬಟ್ಟಲಲ್ಲಿ ಏನೂ ಇಲ್ಲದಿರುವಾಗ ಅದನ್ನೇ ಪ್ರಮಾಣವೆಂದು ತಿಳಿದು, ಮರುಕ್ಷಣದಿಂದ ಅಸಂಬದ್ಧವಾದ ತೂಕಗಳನ್ನು ಹೇಳತೊಡಗಿತು. ಅದನ್ನು ಸರಿಪಡಿಸಲು ಒಂದು ವಾರ ಬೇಕಾಯಿತು. ತಪ್ಪು ನಮ್ಮದೇ. ಕತ್ತಲೆಯಲ್ಲಿ ತಡಕಾಡುವವನು ಮಡಕೆಯನ್ನು ಒಡೆಯುತ್ತಾನೆ. ವಿದ್ಯಾರ್ಥಿಗಳು ಯಾರೂ ಈ ಕೆಲಸವನ್ನು ಅನುಕರಿಸಬಾರದು.

ಆಜ್ಞೆಗಳು ಕೈವಶವಾದ ಮೇಲೆ ನಮ್ಮ ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಕೈಗೊಂಡರು. ತೆಂಗಿನ ಸೀಮೆಯವರಿಗೆ ಕೊಬ್ಬರಿಯಲ್ಲದೆ ಮತ್ತೇನು ತೋಚೀತು! ಹಸಿಯ ತಿರುಳಿನಲ್ಲಿ ತೂಕದ ಸುಮಾರು ಅರ್ಧದಷ್ಟು ನೀರಿರುತ್ತದೆ. ಒಳ್ಳೆಯ ಕೊಬ್ಬರಿಯಲ್ಲಿ ಅದು ನೂರಕ್ಕೆ ಆರರ ಹತ್ತಿರಕ್ಕೆ ಇಳಿದಿರಬೇಕು. ಈ ನೀರು ಹೊರಹೋಗುವ ಬಗೆಯನ್ನು ನೋಡಬೇಕೆಂದು ಒಡೆದ ಕಾಯಿಯ ಒಂದು ಹೋಳನ್ನು ತಕ್ಕಡಿಯ ಮೇಲಿಟ್ಟು, ಹತ್ತು ನಿಮಿಷಕ್ಕೊಮ್ಮೆ ತೂಕವನ್ನು ಕೇಳುವಂತೆ ಗಣಕಕ್ಕೆ ಹೇಳಿಟ್ಟೆವು. ದಿನಕ್ಕೆ 144 ಓದುಗಳು. ಮನುಷ್ಯನು ರಾತ್ರಿಯೆಲ್ಲ ಎಚ್ಚರವಿದ್ದು ಇಷ್ಟನ್ನು ಬರೆಯಲಾರ.

ಮೊದಲ ರಾತ್ರಿ ಕರೆಂಟು ಹೋಯಿತು. ಇದು ನಮ್ಮ ಕಡೆ ಸುದ್ದಿಯಲ್ಲ. ಗಣಕಕ್ಕೆ ಬ್ಯಾಟರಿ ಇದ್ದುದರಿಂದ ಅದು ನಡೆಯುತ್ತಲೇ ಇತ್ತು, ತಕ್ಕಡಿಗೆ ಇರಲಿಲ್ಲ. ಕರೆಂಟು ಬಂದೊಡನೆ ತಕ್ಕಡಿಯು ಎಚ್ಚೆತ್ತು, ಬಟ್ಟಲಲ್ಲಿ ಏನಿದೆಯೋ ಅದನ್ನೇ ಸೊನ್ನೆಯೆಂದು ಗಣಿಸಿತು. ಆಮೇಲೆ ತೆಂಗಿನ ಹೋಳು ಒಣಗುತ್ತ ಹೋದಂತೆ ಅದರ ತೂಕವು ಸೊನ್ನೆಗಿಂತಲೂ ಕೆಳಗಿಳಿಯಿತು. ಬೆಳಗಾಗುವ ವೇಳೆಗೆ ಗಣಕವು ಋಣ ತೂಕದ ತೆಂಗಿನಕಾಯಿಯನ್ನು ಶ್ರದ್ಧೆಯಿಂದ ಪಟ್ಟಿ ಮಾಡಿಟ್ಟಿತ್ತು. ವಿದ್ಯಾರ್ಥಿಗಳು ಹೊಟ್ಟೆ ಹುಣ್ಣಾಗುವಂತೆ ನಕ್ಕರು, ನಾವೂ ನಕ್ಕೆವು.

ಆದರೆ ನಗುವಿಗಿಂತ ದೊಡ್ಡ ವಿಷಯವೊಂದು ಆ ಪಟ್ಟಿಯಲ್ಲಿತ್ತು. ಕರೆಂಟು ಇಲ್ಲದಿದ್ದ ಸುಮಾರು ನಲವತ್ತು ನಿಮಿಷಗಳ ಕಾಲ ತಕ್ಕಡಿಯು ಉತ್ತರವನ್ನೇ ಕೊಟ್ಟಿರಲಿಲ್ಲವಷ್ಟೆ. ಹಾಗಿದ್ದರೂ ಪಟ್ಟಿಯಲ್ಲಿ ಆ ಅವಧಿಯ ನಾಲ್ಕು ಓದುಗಳಿದ್ದುವು. ನಾಲ್ಕೂ ಒಂದೇ ಸಂಖ್ಯೆ. ವಿಚಾರಿಸಿದಾಗ ಕಾರ್ಯಕ್ರಮವನ್ನು ಬರೆದ ಹುಡುಗನು, “ಉತ್ತರ ಬಾರದಿದ್ದರೆ ಹಿಂದಿನ ಸಂಖ್ಯೆಯನ್ನೇ ಬರೆಯಲು ಹೇಳಿದ್ದೆ ಸಾರ್, ಇಲ್ಲವಾದರೆ ಗ್ರಾಫು ತುಂಡಾಗುತ್ತದೆ” ಎಂದನು. ಅವನ ಮನಸ್ಸಿನಲ್ಲಿ ವಂಚನೆಯಿರಲಿಲ್ಲ. ಪ್ರಯೋಗದ ದಾಖಲೆಯ ಪುಸ್ತಕದಲ್ಲಿ ಗ್ರಾಫು ನುಣ್ಣಗಿದ್ದರೆ ಗುಣ ಹೆಚ್ಚು ಎಂಬುದನ್ನು ಅವನಿಗೆ ಕಲಿಸಿದವರು ನಾವೇ, ಅಧ್ಯಾಪಕರು. ಹಿರಿಯ ವಿದ್ಯಾರ್ಥಿಗಳ ಪುಸ್ತಕಗಳಿಂದ ಓದುಗಳನ್ನು ‘ಇಳಿಸಿಕೊಳ್ಳುವ’ ಸಂಪ್ರದಾಯವು ಯಾವ ಕಾಲೇಜಿನಲ್ಲಿ ಇಲ್ಲ? ಒಬ್ಬ ವಿದ್ಯಾರ್ಥಿಯು ಹಾಗೆ ಮಾಡಿದರೆ ಒಂದು ಪುಸ್ತಕ ಕೆಡುತ್ತದೆ. ಅವನೇ ನಾಳೆ ಹಾಲಿನ ಸಂಘಗಳ ಗಣಕಗಳಿಗೆ ಕಾರ್ಯಕ್ರಮ ಬರೆದು, ಉತ್ತರ ಬಾರದ ಕಡೆ ಹಿಂದಿನ ರೈತನ ಓದನ್ನೇ ತುಂಬುವಂತೆ ಮಾಡಿದರೆ ಏನಾದೀತೆಂಬುದನ್ನು ಆ ದಿನ ತರಗತಿಯಲ್ಲಿ ಬಹಳ ಹೊತ್ತು ಮಾತನಾಡಿದೆವು. ಆ ಹುಡುಗನು ಅಂದೇ ಸಾಯಂಕಾಲ ಕಾರ್ಯಕ್ರಮವನ್ನು ತಿದ್ದಿ, ಉತ್ತರವಿಲ್ಲದ ಜಾಗದಲ್ಲಿ ‘ಉತ್ತರವಿಲ್ಲ’ ಎಂದೇ ಬರೆಯುವಂತೆ ಮಾಡಿದನು.

ಎರಡನೆಯ ಸಲ ತಕ್ಕಡಿಗೂ ಬ್ಯಾಟರಿಯನ್ನು ಜೋಡಿಸಿ ನಾಲ್ಕು ದಿನ ನಡೆಸಿದೆವು. ಹಗಲಿನಲ್ಲಿ ತೂಕವು ಬೇಗ ಬೇಗ ಇಳಿದು, ರಾತ್ರಿಯಲ್ಲಿ ನಿಧಾನವಾಯಿತು. ಮೂರನೆಯ ದಿನದ ಬೆಳಗಿನ ಜಾವದಲ್ಲಿ ಒಂದಿಷ್ಟು ಏರಿದಂತೆಯೂ ಕಂಡಿತು. ತೇವದ ಗಾಳಿಯಿಂದ ಹೋಳು ನೀರನ್ನು ಹೀರಿಕೊಂಡಿತೆಂದು ಕೆಲವರು ತಟ್ಟನೆ ಹೇಳಿದರು. ಸಂದೇಹಪಟ್ಟ ಒಬ್ಬಳು ಹೋಳನ್ನು ತೆಗೆದು 200 ಗ್ರಾಂನ ಹಿತ್ತಾಳೆಯ ಬಟ್ಟನ್ನಿಟ್ಟು ಮತ್ತೊಂದು ರಾತ್ರಿ ಓದಿಸಿದಳು. ಹಿತ್ತಾಳೆಯ ತೂಕವೂ ಬೆಳಗಿನ ಜಾವ ಸ್ವಲ್ಪ ಏರಿತು! ಹಿತ್ತಾಳೆಯು ನೀರು ಕುಡಿಯುವುದಿಲ್ಲವಲ್ಲ. ತಂಪಿಗೆ ತಕ್ಕಡಿಯ ಸೇತುವೆಯೇ ಸರಿದಿತ್ತು. ಏರಿಕೆಯಲ್ಲಿ ತೆಂಗಿನ ಪಾಲೆಷ್ಟು, ತಕ್ಕಡಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಲು ಅವರು ಇನ್ನೂ ಶ್ರಮಿಸುತ್ತಿದ್ದಾರೆ. ಕಣ್ಣಿನಿಂದ ದಿನಕ್ಕೆ ಎರಡು ಸಲ ಓದಿದ್ದರೆ ಈ ಪ್ರಶ್ನೆಯು ಹುಟ್ಟುತ್ತಲೇ ಇರಲಿಲ್ಲ.

ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನೊಪ್ಪುವುದಿಲ್ಲ. ಗಣಕವು ಓದತೊಡಗಿದರೆ ಹುಡುಗರು ವರ್ನಿಯರನ್ನು ಓದುವುದನ್ನೇ ಮರೆಯುತ್ತಾರೆ, ಸಮಾಂತರ ದೋಷವೆಂದರೆ ಏನೆಂಬುದು ಅವರಿಗೆ ತಿಳಿಯದೆ ಹೋಗುತ್ತದೆ ಎಂದು ಅವರ ವಾದ. ಇದರಲ್ಲಿ ತಥ್ಯವಿದೆ. ಕೈಯಿಂದ ಹತ್ತು ಸಲ ಅಳೆಯದವನಿಗೆ ಯಂತ್ರದ ಸಾವಿರ ಓದುಗಳನ್ನು ಕೊಡುವುದು ಸರಿಯಲ್ಲ. ಮೊದಲ ವರ್ಷದಲ್ಲಿ ಮುಳ್ಳಿನ ಮೀಟರೇ ಇರಲಿ. ಆದರೆ ಆಜ್ಞೆಯನ್ನು ಬರೆಯುವುದೂ ಒಂದು ಬಗೆಯ ಓದೇ. ಯಾವ ವ್ಯಾಪ್ತಿಯಲ್ಲಿ ಅಳೆಯಬೇಕು, ಎಷ್ಟು ಹೊತ್ತು ಕಾಯಬೇಕು, ಸೊನ್ನೆಯನ್ನು ಯಾವಾಗ ಗೊತ್ತುಮಾಡಬೇಕು, ಉತ್ತರ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ಕೈಯಿಂದ ಅಳೆಯುವವನು ಯೋಚಿಸದೆಯೇ ಮಾಡಿಬಿಡಬಹುದು. ಆಜ್ಞೆ ಬರೆಯುವವನು ಯೋಚಿಸಿಯೇ ತೀರಬೇಕು.

ಮತ್ತೆ ಕೆಲವರು, ಈ ಆಜ್ಞೆಗಳೆಲ್ಲ ಇಂಗ್ಲಿಷು, ನಮ್ಮ ಹಳ್ಳಿಯ ಹುಡುಗರಿಗೆ ಕಷ್ಟ ಎನ್ನುತ್ತಾರೆ. ನಾಲ್ಕಕ್ಷರದ ‘ವೋಲ್ಟ್’ ಕಷ್ಟವಲ್ಲ. ಅದನ್ನು ವಿವರಿಸುವ ಕನ್ನಡವಿಲ್ಲದಿರುವುದು ಕಷ್ಟ. ನಮ್ಮ ಜಿಲ್ಲೆಯ ಊರಿನ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದವರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿಯೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ನೂರು ವರ್ಷಗಳು ಕಳೆದ ಮೇಲೂ ಒಂದು ತಕ್ಕಡಿಯ ಕೈಪಿಡಿಯನ್ನು ಕನ್ನಡದಲ್ಲಿ ಓದುವ ಭಾಗ್ಯ ನಮಗಿಲ್ಲವೆಂದರೆ ನಾಚಿಕೆಯಾಗಬೇಕಾದುದು ಹಳ್ಳಿಯ ಹುಡುಗರಿಗಲ್ಲ.

ಹಣವಿಲ್ಲವೆಂಬ ಮಾತೂ ಪೂರ್ತಿ ನಿಲ್ಲುವುದಿಲ್ಲ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗೋತ್ಕರ್ಷಕ ಕೇಂದ್ರದವರು ವಿದ್ಯಾರ್ಥಿಗಳಿಗಾಗಿಯೇ ‘ಎಕ್ಸ್‌ಪ್‌ಐಸ್’ ಎಂಬ ಸಣ್ಣ ಪೆಟ್ಟಿಗೆಯನ್ನು ರೂಪಿಸಿದ್ದಾರೆ. ವಿಭವವನ್ನು ಅಳೆಯುವ, ತರಂಗಗಳನ್ನು ಉಂಟುಮಾಡುವ ಆ ಪೆಟ್ಟಿಗೆಯು ಗಣಕದಿಂದ ಬರುವ ಆಜ್ಞೆಗಳಂತೆ ನಡೆಯುತ್ತದೆ. ಅದರ ವಿನ್ಯಾಸವನ್ನೂ ತಂತ್ರಾಂಶವನ್ನೂ ಮುಚ್ಚಿಟ್ಟಿಲ್ಲ, ಯಾರು ಬೇಕಾದರೂ ನೋಡಬಹುದು. ಕಾಲೇಜುಗಳು ಮಾಡಬೇಕಾದ ಇನ್ನೊಂದು ಕೆಲಸಕ್ಕೆ ಹಣವೇ ಬೇಡ. ಉಪಕರಣವನ್ನು ಕೊಳ್ಳುವ ಪತ್ರದಲ್ಲಿ, “ಗಣಕದಿಂದ ನಡೆಸುವ ಎಲ್ಲ ಆಜ್ಞೆಗಳ ವಿವರವನ್ನು ಉಪಕರಣದೊಡನೆ ಒದಗಿಸತಕ್ಕದ್ದು” ಎಂಬ ಒಂದು ಸಾಲನ್ನು ಸೇರಿಸಿದರೆ ಸಾಕು. ಸಾರ್ವಜನಿಕರ ಹಣದಿಂದ ಕೊಂಡ ವಸ್ತುವಿನ ಅರ್ಧ ಮಾತ್ರ ನಮ್ಮದು, ಉಳಿದರ್ಧ ಮಾರಿದವನದು ಎಂಬುದನ್ನು ಇದುವರೆಗೆ ನಾವು ಹೇಗೆ ಒಪ್ಪಿಕೊಂಡು ಬಂದೆವೋ ತಿಳಿಯದು. ನಮ್ಮ ವಿಭಾಗದ ಈ ವರ್ಷದ ಬೇಡಿಕೆಯ ಪಟ್ಟಿಯಲ್ಲಿ ಆ ಸಾಲನ್ನು ಸೇರಿಸಿದ್ದೇವೆ.

ವಿದ್ಯಾರ್ಥಿಗಳು ಈಗ ಉಂಡೆ ಕೊಬ್ಬರಿಯ ಕಡೆಗೆ ತಿರುಗಿದ್ದಾರೆ. ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಒಳಗೇ ಕೊಬ್ಬರಿಯಾಗುತ್ತದೆಯಷ್ಟೆ. ಅಷ್ಟೂ ಕಾಲ ತೂಕವು ಇಳಿಯುವ ಕ್ರಮವನ್ನು ಒಂದೇ ಕಾಯಿಯ ಮೇಲೆ ನೋಡಬೇಕೆಂಬುದು ಅವರ ಆಸೆ. ಒಬ್ಬ ವಿದ್ಯಾರ್ಥಿಯ ಮನೆಯವರು ಅಟ್ಟದಲ್ಲಿ ಜಾಗ ಕೊಡಲು ಒಪ್ಪಿದ್ದಾರೆ. ಗಂಟೆಗೊಂದು ಓದು, ಪಕ್ಕದಲ್ಲಿ ಒಂದು ಉಷ್ಣಮಾಪಕ, ದಿನಕ್ಕೊಮ್ಮೆ ಹಿತ್ತಾಳೆಯ ಬಟ್ಟು. ತಕ್ಕಡಿಯ ಆಜ್ಞೆಗಳನ್ನು ಅವರೇ ಕನ್ನಡದಲ್ಲಿ ಬರೆದು ಪ್ರಯೋಗಶಾಲೆಯ ಗೋಡೆಗೆ ಅಂಟಿಸಿದ್ದಾರೆ. ಮುಟ್ಟಬಾರದ ಅಕ್ಷರದ ಸುತ್ತ ಕೆಂಪು ಗೆರೆಯನ್ನು ಎಳೆದಿದ್ದಾರೆ. ಆ ಹಾಳೆಯಲ್ಲಿ ಇನ್ನೂ ಮೂರು ಅಕ್ಷರಗಳ ಎದುರಿಗೆ ಜಾಗವು ಖಾಲಿಯಾಗಿದೆ. ಪೂರೈಕೆದಾರರಿಗೆ ಎರಡನೆಯ ಪತ್ರವನ್ನು ಬರೆದಿದ್ದೇವೆ. ಉತ್ತರ ಬಂದರೆ ತುಂಬಬೇಕು.